ಕತ್ತರಿ ಮುಟ್ಟಬಾರದ ವರ್ಷಗಳು

“ನಿಂಗೆ ಡಿಗ್ರಿ ಅಂತ ಆಗುವುದು ಈ ಜನ್ಮದಲ್ಲಿ ಉಂಟಾ ಮಾರಾಯ್ತಿ?” ಎಂದವಳು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಕೊಲ್ಲಿ ದೇಶದ ಗುದೈಬಿಯಾ ಪೇಟೆಯಲ್ಲಿ ಹೆಂಗಸರ ಟೈಲರಿಂಗ್ ಅಂಗಡಿ ಅವಳದು. “ಸೂಜಿಗೆ ನೂಲು ಹಾಕ್ಲಿಕ್ಕೆ ಮೂರು ಸಲ ಬೇಕು, ಬಿ.ಎ. ಅಂತೆ!”

ನನ್ನ ವೀಸಾ ಅವಳ ಅಂಗಡಿಯದು. ಊಟ ಅವಳ ಮನೆಯದು. ಮಲಗುತ್ತಿದ್ದದ್ದು ಅಂಗಡಿಯ ಮೇಲಿನ ಅವಳ ಫ್ಲ್ಯಾಟಿನ ಹಾಲ್‌ನಲ್ಲಿ. ಪಾಸ್‌ಪೋರ್ಟ್ ಜೋಪಾನಕ್ಕೆಂದು ಅವಳ ಕಪಾಟು ಸೇರಿತ್ತು. ಪಿಯುಸಿ ಮುಗಿಸಿ ಮಂಗಳೂರಿನಿಂದ ಬಂದವಳು, ಹಟ ಮಾಡಿ ದೂರಶಿಕ್ಷಣಕ್ಕೆ ಸೇರಿದ್ದೆ. ನಮ್ಮ ಕುಟುಂಬದಲ್ಲಿ ಡಿಗ್ರಿ ಕಾಲೇಜು ಕಂಡವರೇ ಇರಲಿಲ್ಲ.

ಅಂಗಡಿಗೆ ಕಿಟಕಿ ಇಲ್ಲ. ಹೊರಗೆ ಬಿಸಿಲೋ ಧೂಳೋ ತಿಳಿಯುತ್ತಿದ್ದದ್ದು ಗಿರಾಕಿಗಳ ಮುಖ ನೋಡಿ. ದೊಡ್ಡಮ್ಮ ಯಾವುದನ್ನೂ ಹೇಳಿಕೊಟ್ಟವಳಲ್ಲ. ತಪ್ಪಿದರೆ ಬಟ್ಟೆಯನ್ನು ನನ್ನ ಮಡಿಲಿಗೆ ಎಸೆದು “ಬಿಚ್ಚು” ಎನ್ನುತ್ತಿದ್ದಳು, ಅಷ್ಟೆ. ಕತ್ತರಿ ಮಾತ್ರ ನಾನು ಮುಟ್ಟುವಂತಿರಲಿಲ್ಲ. ಅಂಚು, ಹುಕ್ಕು, ಇಸ್ತ್ರಿ, ಇಷ್ಟೇ ನನ್ನ ಪಾಲಿಗೆ.

“ನಾನು ಕಟಿಂಗ್ ಮಾಡುವುದು ಯಾವಾಗ?”

“ಕೈ ಬಂದಾಗ.”

“ಅದು ಯಾವಾಗ ಬರ್ತದೆ?”

“ಬಂದ್ರೆ ನಂಗೆ ಗೊತ್ತಾಗ್ತದೆ. ನೀನು ಹುಕ್ಕು ಹಾಕು.”

ಎಲ್ಲ ಪೇಪರು ಪಾಸಾಗಿ ಕೊನೆಗೆ ಉಳಿದದ್ದು ಒಂದೇ: ಮಧ್ಯಯುಗದ ಮತ್ತು ಪುನರುಜ್ಜೀವನ ಕಾಲದ ಯುರೋಪಿನ ಶಿಕ್ಷಣ ಚಿಂತನೆ. ಅದರಲ್ಲಿ ಫೇಲಾದೆ. ಸ್ಯಾಂಪಲ್ ಬ್ಲೌಸ್ ಎದುರಿಟ್ಟುಕೊಂಡು ಒಂದೊಂದು ಮಡಿಕೆಯನ್ನೂ ಹಾಗೆಯೇ ಇಳಿಸುವ ಅಭ್ಯಾಸ ನನ್ನದು. ಗೈಡಿನ ಉತ್ತರವನ್ನೂ ಹಾಗೆಯೇ ಇಳಿಸಿದ್ದೆ. ಪ್ರಶ್ನೆ ಕೇಳಿದ್ದು ಉದಾಹರಣೆ ಸಹಿತ ನನ್ನ ವಿಚಾರವನ್ನು. ಇನ್ನೊಂದೇ ಅವಕಾಶವಿತ್ತು. ಅದೂ ತಪ್ಪಿದರೆ ನೋಂದಣಿ ರದ್ದು, ಪಾಸಾದದ್ದೆಲ್ಲ ನೀರುಪಾಲು, ನಾನು ಇದೇ ಇಸ್ತ್ರಿ ಮೇಜಿನ ಹಿಂದೆ.

ಆ ಮೇಜಿನ ಮೇಲೆಯೇ ಪುಸ್ತಕ ಬಿಚ್ಚಿ ಮತ್ತೆ ಓದಿದೆ. ಮಧ್ಯಯುಗದಲ್ಲಿ ಕಸುಬು ಕಲಿಯುವವನು ಗುರುವಿನ ಮನೆಯಲ್ಲೇ ಉಣ್ಣಬೇಕು, ಮಲಗಬೇಕು, ಹೇಳದೆ ಹೊರಡುವಂತಿಲ್ಲ ಎಂದು ಬರೆದಿತ್ತು. ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಆ ಸಾಲನ್ನು ಎರಡು ಸಲ ಓದಿದೆ. ಮುಂದಿನ ಪುಟಗಳಲ್ಲಿ ಪುನರುಜ್ಜೀವನದ ಪಂಡಿತರು: ಬೆತ್ತ ಬೇಡ, ಕಲಿಯುವವರಿಗೆ ಇಷ್ಟ ಹುಟ್ಟಿಸಿ, ಆಟವೂ ಇರಲಿ, ಸಾಹಿತ್ಯವೂ ಇರಲಿ, ಅದು ಸ್ವತಂತ್ರ ಮನುಷ್ಯನ ವಿದ್ಯೆ. ಓದಲು ಚೆಂದ. ಆದರೆ ಆ ಸ್ವತಂತ್ರ ಮನುಷ್ಯ ಹೆಚ್ಚಾಗಿ ಉಳ್ಳವರ ಮನೆಯ ಮಗ. ಹುಕ್ಕು ಹಾಕುವವಳು ಅವರ ಲೆಕ್ಕಕ್ಕೆ ಬಂದಂತೆ ಕಾಣಲಿಲ್ಲ.

ಪರೀಕ್ಷೆ ಶುಕ್ರವಾರ. ಅಂದೇ ಸಂಜೆ, ಮದುವೆಯ ಮುನ್ನ ತೆಂಗಿನ ಹಾಲು ಹಚ್ಚುವ ಒಂದು ರೋಸ್‌ ಸಮಾರಂಭಕ್ಕೆ ಆರು ಗೌನು ಕೊಡಲಿಕ್ಕಿತ್ತು. ಹೊರಡುವ ಹೊತ್ತಿಗೆ ದೊಡ್ಡಮ್ಮ ಒಂದು ಗೌನಿನ ಅಂಚು ನೋಡಿ ಮಡಿಲಿಗೆ ಎಸೆದಳು.

“ಬಿಚ್ಚು.”

ಬಿಚ್ಚಿದೆ. ಬಿಚ್ಚಿ, ಹಾಗೆಯೇ ಮೇಜಿನ ಮೇಲಿಟ್ಟು ಹೊರಟೆ.

“ಹೊಲಿಯುವುದು ಯಾರು, ನಿನ್ನ ಯೂನಿವರ್ಸಿಟಿಯವರಾ?” ಎಂದಳು ಹಿಂದಿನಿಂದ.

ಪರೀಕ್ಷೆಯಲ್ಲಿ ನಾನು ಬರೆದದ್ದು ನಮ್ಮ ಅಂಗಡಿಯನ್ನು. ಗುರುಮನೆಯ ಊಟ, ಮುಟ್ಟಬಾರದ ಕತ್ತರಿ, ಬಿಚ್ಚಿ ಬಿಚ್ಚಿ ಬಂದ ಕಲಿಕೆ. ಕೊನೆಯಲ್ಲಿ ಹೀಗೆ ಬರೆದೆ: ಮಧ್ಯಯುಗದ ಶಿಷ್ಯನಿಗೆ ಇಷ್ಟು ವರ್ಷ ಎಂಬ ಕರಾರಿತ್ತು. ಅದು ಮುಗಿದ ದಿನ ಗುರು ಅವನನ್ನು ಬಿಡಲೇಬೇಕಿತ್ತು. ಆ ಕರಾರಿಲ್ಲದ ಕಲಿಕೆಗೆ ಶಿಕ್ಷಣ ಎನ್ನಬಹುದೇ?

ವಾಪಸು ಬಂದಾಗ ಗೌನಿನ ಅಂಚು ಹೊಲಿದಾಗಿತ್ತು. ಎರಡು ಕೈಹೊಲಿಗೆಯ ನಡುವೆ ಕೂದಲು ಹೋಗದಷ್ಟು ಒತ್ತಾಗಿ. ಅಂಗಡಿಯಲ್ಲಿ ಅಂಥ ಹೊಲಿಗೆ ಒಬ್ಬಳದ್ದೇ. 

ಪಾಸಾದೆ. ಸರ್ಟಿಫಿಕೇಟ್ ಬಂದದ್ದು ಪಕ್ಕದ ಹೂರಾದಲ್ಲಿದ್ದ ಸ್ಟಡಿ ಸೆಂಟರಿಗೆ. “ನಂಗೆ ಅಲ್ಲಿ ಬಟನ್ ತಗೊಳ್ಲಿಕ್ಕುಂಟು” ಎಂದು ದೊಡ್ಡಮ್ಮ ಜೊತೆಗೆ ಹೊರಟಳು. ಬಟನ್ ತರಲು ಅವಳು ಚರ್ಚಿಗೆ ಉಡುವ ಸೀರೆ ಉಟ್ಟದ್ದನ್ನು ಅದೇ ಮೊದಲು ಕಂಡೆ. ಗುಮಾಸ್ತ ಸಹಿ ಮಾಡಿಸಿಕೊಂಡು ಸರ್ಟಿಫಿಕೇಟನ್ನು ನನ್ನ ಕೈಗಿತ್ತ. ನಾನು ಅದನ್ನು ದೊಡ್ಡಮ್ಮನ ಕೈಗಿತ್ತೆ. ಬಟ್ಟೆ ಪರೀಕ್ಷಿಸುವಂತೆ ಅಂಚನ್ನು ಬೆರಳಲ್ಲಿ ಉಜ್ಜಿದಳು, ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಬಿಚ್ಚಲಿಕ್ಕೆ ಏನೂ ಸಿಗಲಿಲ್ಲ.

“ಹಾಗಾದ್ರೆ,” ಎಂದಳು, “ನಂಗಿನ್ನು ಹುಕ್ಕು ಹಾಕ್ಲಿಕ್ಕೆ ಬೇರೆ ಹುಡುಗಿ ನೋಡ್ಲಿಕ್ಕುಂಟು.”