ಗ್ರಹಣಕ್ಕೂ ಮೊದಲೇ ಮೂಡಿದ ಮುಖ

ಈ ಪ್ರವಾಸ ಮುನ್ನೂರು ರೂಪಾಯಿಯೊಳಗೆ ಮುಗಿಯಿತು. ಜೊತೆಗಿದ್ದ ಹೆಂಗಸರಿಬ್ಬರಿಗೂ ಸರ್ಕಾರಿ ಬಸ್ಸು ಪುಕ್ಕಟೆ. ಟಿಕೆಟ್ಟು ನನ್ನೊಬ್ಬನದು, ಮೇಲೆ ಆಟೋ, ಚಹಾ, ಮಂಡಕ್ಕಿಯ ಸುಸಲಾ. ಹೋದದ್ದು ಮಗಳ ಸಂಸಾರ ಉಳಿಸಲು. ಸವಿತಾಳ ಹೊಟ್ಟೆಯ ಕೂಸಿಗೆ ಸೀಳುತುಟಿ ಇರುವುದು ಸ್ಕ್ಯಾನಿನಲ್ಲಿ ಕಂಡಿತ್ತು. ಅದಕ್ಕೂ ಮುಂಚಿನ ವಾರ, ಗ್ರಹಣ ಹಿಡಿದಾಗ, ಅವಳು ಈಳಿಗೆಯ ಮೇಲೆ ಸೌತೆಕಾಯಿ ಹೆಚ್ಚಿದ್ದಳು. ತುಟಿ ಸೀಳಿದ್ದು ಅದಕ್ಕೇ ಎಂದು ಅವಳ ಅತ್ತೆ, ಮೆಹಕರದ ನಮ್ಮ ಬೀಗತಿ, ಹಟ ಹಿಡಿದಿದ್ದರು. ಹಡೆದ ಮೇಲೆ ತಾಯಿ, ಕೂಸು ಇಬ್ಬರೂ ತವರಲ್ಲೇ ಇರಲಿ ಎಂದುಬಿಟ್ಟಿದ್ದರು.

ಬೆಳಿಗ್ಗೆ ಔರಾದದ ನನ್ನ ಪಾತ್ರೆ ಅಂಗಡಿಗೆ ಬೀಗ ಹಾಕಿ ಭಾಲ್ಕಿಗೆ ಬಂದೆ. ಅತ್ತೆ, ಸೊಸೆ ನಿಲ್ದಾಣದಲ್ಲಿ ಕಾಯುತ್ತಿದ್ದರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು. ಸವಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಸೀಳಿದ್ದು ತನ್ನ ತುಟಿಯೇ ಎಂಬಂತೆ.

"ಬೀದರಕ್ಕ ಯಾಕ ಬೀಗರ? ಅಲ್ಲಿ ಡಾಕ್ಟರ್ ಗ್ರಹಣಾ ಬಿಡಸ್ತಾರೇನ್ರಿ?" ಎಂದರು ಬೀಗತಿ.

"ಕಣ್ಣಿಲೆ ನೋಡಿ ಮಾತಾಡೂಣ್ರಿ. ನೋಡದ ನಾ ಒಂದು ಚಮಚಾ ಸೈತ ಕೊಳ್ಳೂದಿಲ್ಲ," ಎಂದೆ.

ಬೀದರಿಗೆ ಮುಟ್ಟಿದಾಗ ಮಧ್ಯಾಹ್ನ. ಮೋಡ ಕವಿದು ಬೆಳಕೇ ಇರಲಿಲ್ಲ. ಅಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಮಾಡುವ ಡಾಕ್ಟರಮ್ಮ ನನ್ನ ಹಳೆ ಗಿರಾಕಿ. ಅವರು ಒಂದು ಉದ್ದನೆಯ ಕೋಣೆಯ ಬಾಗಿಲು ತೆರೆದರು. ಔಷಧಿಯ ವಾಸನೆಗೆ ಕಣ್ಣು ಉರಿದವು. ಬಸುರಿ ಇಂಥದ್ದನ್ನೆಲ್ಲ ನೋಡಬಾರದೆಂದು ಬೀಗತಿ ತಡೆದರು. ಸವಿತಾ ಕೈ ಬಿಡಿಸಿಕೊಂಡು ಮೊದಲು ಒಳಗೆ ಹೋದಳು.

ಹೊಟ್ಟೆಯಲ್ಲೇ ಹೋದ ಕೂಸುಗಳನ್ನು ಔಷಧಿಯಲ್ಲಿ ಕೆಡದಂತೆ ಇಟ್ಟ ಗಾಜಿನ ಭರಣಿಗಳ ಸಾಲು, ಚಿಕ್ಕದರಿಂದ ದೊಡ್ಡದಕ್ಕೆ. ಮೊದಲನೆಯದರಲ್ಲಿ ಅವರೆಕಾಳಿನಷ್ಟು ಏನೋ ಮುದುಡಿತ್ತು. ಡಾಕ್ಟರಮ್ಮ ಭೂತಗನ್ನಡಿ ಹಿಡಿದರು. ಕಣ್ಣುಗಳು ಮೀನಿನಂತೆ ಎರಡು ಪಕ್ಕಕ್ಕೆ. ಮೂಗಿನ ಬದಲು ದೂರ ದೂರ ಎರಡು ಕುಳಿ. ಮುಂದಿನದರಲ್ಲಿ ಕಣ್ಣು ಒಂದಿಷ್ಟು ಮುಂದಕ್ಕೆ ಸರಿದಿದ್ದವು. ಅದರಾಚೆಯದರಲ್ಲಿ ಇನ್ನಷ್ಟು. ಸಾಲಿನುದ್ದಕ್ಕೂ ನಡೆದಾಗ ಇವು ಬೇರೆ ಬೇರೆ ಕೂಸುಗಳು ಅನಿಸಲಿಲ್ಲ. ಒಂದೇ ಜೀವ ನಿಧಾನವಾಗಿ ನಮ್ಮತ್ತ ತಿರುಗುತ್ತಿದೆ ಅನಿಸಿತು.

"ಅಪ್ಪಾ, ಇದಕ್ಕ ಇನ್ನಾ ಮುಖಾನೇ ಬಂದಿಲ್ಲ," ಎಂದಳು ಸವಿತಾ. "ಆದ್ರೂ ನನ್ನ ಕಡಿ ನೋಡ್ಲಕತ್ತದ."

ಡಾಕ್ಟರಮ್ಮ ತಮ್ಮ ಮೂಗಿನ ಕೆಳಗಿನ ತೋಡನ್ನು ಮುಟ್ಟಿ ತೋರಿಸಿದರು. "ನಡುವಿನ ತುಂಡು ಹಣಿ ಕಡಿಂದ ಇಳೀತದ. ಎರಡೂ ಗಲ್ಲದ ಕಡಿಂದ ಒಂದೊಂದು ಬಂದು ಅದಕ್ಕ ಕೂಡ್ತಾವ. ಮೂರನೇ ತಿಂಗಳು ಬೀಳೂದ್ರಾಗ ತುಟಿ ಕೂಡಿ ಮುಗದಿರ್ತದ. ಕೂಡಲಿಲ್ಲಂದ್ರ ಸೀಳು ಉಳೀತದ."

ನಾನು ಬೀಗತಿಯತ್ತ ತಿರುಗಿದೆ. "ಗ್ರಹಣಾ ಯಾವಾಗ ಹಿಡೀತ್ರಿ?"

"ಕಳ್ಳ ಕುಬಸ ಆದ ಮ್ಯಾಲ," ಎಂದವರು ಅಲ್ಲೇ ನಿಂತರು. ಐದನೇ ತಿಂಗಳಲ್ಲಿ ಮನೆಮಟ್ಟಿಗೆ ನಡೆಯುವ ಆ ಶಾಸ್ತ್ರದಲ್ಲಿ ಸೊಸೆಗೆ ಉಡಿ ತುಂಬಿದ್ದು ಅವರದೇ ಕೈ. ಭರಣಿಯಿಂದ ಕಣ್ಣು ತೆಗೆಯದೆ ಕೇಳಿದರು, "ಮತ್ತ ತಪ್ಪು ಯಾರದ್ರಿ?"

"ಯಾರದೂ ಅಲ್ರಿ. ತುಟಿ ಕೂಡೂ ಹೊತ್ತಿಗಿ ಬಸುರಂತ ಆಕಿಗೇ ಗೊತ್ತಾಗಿತ್ತೋ ಇಲ್ಲೋ," ಎಂದರು ಡಾಕ್ಟರಮ್ಮ.

ನಾನು ಆ ಸಾಲನ್ನು ಮೊದಲಿನಿಂದ ಮತ್ತೊಮ್ಮೆ ನೋಡಿದೆ. ಯಾರೂ ಇಲ್ಲದ ಕತ್ತಲಲ್ಲಿ, ಯಾರಿಗೂ ಹೇಳದೆ, ಮುಖವೊಂದು ಕೂಡುತ್ತಲೋ ಬಿಡುತ್ತಲೋ ಇರುತ್ತದೆ.

ಬೀದರಿನ ನಿಲ್ದಾಣದಲ್ಲಿ ಭಾಲ್ಕಿ ಬಸ್ಸು ಹತ್ತಿದ ಮೇಲೆ ಬೀಗತಿ ಸೊಸೆಯ ಮಗ್ಗುಲಲ್ಲೇ ಕೂತರು. ಔರಾದದ ಬಸ್ಸಿಗೆಂದು ಕೆಳಗೇ ನಿಂತಿದ್ದ ನನಗೆ ಕಿಟಕಿಯಿಂದ ಗದರಿದರು: "ಬಾಣಂತನ ಮುಗದ ಕೂಡ್ಲೆ ತಾಯಿ, ಕೂಸು ಇಬ್ಬರನೂ ನಮ್ಮ ಮನಿಗಿ ಕಳಸ್ರಿ. ವ್ಯಾಪಾರ ಅಂತ ತಡಾ ಮಾಡಬ್ಯಾಡ್ರಿ."

ನಿಮಗೂ ಇಂಥ ಪ್ರಸಂಗ ಬಂದರೆ ಒಬ್ಬರೇ ನೋಡಿಬಂದು ವರದಿ ಒಪ್ಪಿಸಬೇಡಿ; ದೂರುವವರನ್ನೇ ಕರೆದೊಯ್ಯಿರಿ. ಇಂಥ ಕೂಸಿಗೆ ಹಾಲುಣಿಸುವ ಬಗೆಯನ್ನು ಹೆರಿಗೆಗೆ ಮುಂಚೆಯೇ ಕೇಳಿಕೊಳ್ಳಿ. ತುಟಿ ಹೊಲಿಯುವ ಆಪರೇಷನ್ ಎಷ್ಟೋ ಕಡೆ ಪುಕ್ಕಟೆ. ವಿಚಾರಿಸದೆ ದುಡ್ಡು ಕಟ್ಟಬೇಡಿ. ಭರಣಿಗಳ ಮುಂದೆ ನಿಂತಾಗ ಒಳಗಿನದನ್ನಷ್ಟೇ ನೋಡಿ. ಗಾಜಿನ ಮೇಲೆ ಮೂಡುವ ನಿಮ್ಮ ಪ್ರತಿಬಿಂಬವನ್ನು ನೋಡಬೇಡಿ. ನೋಡಿದರೆ, ಭರಣಿಯೊಳಗಿನ ಆ ಮುಖ ನಿಮ್ಮ ಮುಖದೊಳಗೆ ಸರಿಯಾಗಿ ಬಂದು ಕೂರುತ್ತದೆ.