ಬಾವಿಗೆ ಹಾಕಿದ ಹೆಪ್ಪು

ಎಂಬತ್ತರ ದಶಕದ ನಡುವೆ ನಾನು ಮಂಗಳೂರಿನ ಮಲೇರಿಯಾ ವಿಭಾಗದಲ್ಲಿ ಇನ್ಸೆಕ್ಟ್ ಕಲೆಕ್ಟರ್ ಆಗಿದ್ದೆ. ಬಾವಿಗೆ ಬಕೆಟ್ ಇಳಿಸಿ ಲಾರ್ವಾ, ಅಂದರೆ ಸೊಳ್ಳೆಮರಿ, ಹುಡುಕುವುದು ನನ್ನ ಕೆಲಸ. ಆ ವರ್ಷ ಹೊಸದೊಂದು ಪುಡಿ ಬಂತು. ಅದರಲ್ಲಿದ್ದದ್ದು ಬ್ಯಾಕ್ಟೀರಿಯಾ, ತಿಂದ ಮರಿಗಳು ಹೊಟ್ಟೆ ಕೆಟ್ಟು ಸಾಯುತ್ತವೆ, ಮನುಷ್ಯರಿಗೆ ತೊಂದರೆಯಿಲ್ಲ. ಪರೀಕ್ಷೆಗೆ ಕುಲಶೇಖರದಲ್ಲಿ ಅಕ್ಕಪಕ್ಕದ ಎರಡು ಬಾವಿ ಆರಿಸಿದೆವು. ಒಂದಕ್ಕೆ ಪುಡಿ, ಇನ್ನೊಂದನ್ನು ಹೋಲಿಕೆಗಾಗಿ ಹಾಗೇ ಬಿಡುವುದು.

ಪುಡಿ ಹಾಕಬೇಕಾದದ್ದು ಅರ್ಚಕರ ಮನೆಯ ಸರಸ್ವತಿಯಮ್ಮನ ಬಾವಿಗೆ. ಪೂಜೆಗೂ ಅಡುಗೆಗೂ ಅದೇ ನೀರು. ಜೀವವಿರುವ ಪುಡಿ ಎಂದಾಗ ಅವರು ಹಿಂಜರಿದರು. ಆಮೇಲೆ, "ಮೊಸರಿಗೆ ಹೆಪ್ಪು ಹಾಕಿದ ಹಾಗಾ?" ಎಂದರು. ಮೊಸರಾಗುವುದೂ ಬ್ಯಾಕ್ಟೀರಿಯಾದಿಂದಲೇ. ಹೌದೆಂದೆ. ಒಪ್ಪಿದರು.

ಪಕ್ಕದ್ದು ಬಂದರಿನಲ್ಲಿ ವ್ಯಾಪಾರವಿದ್ದ ಶೆಟ್ಟರ ಮನೆಯ ಲೀಲಕ್ಕನ ಬಾವಿ. ಅವರ ಬಸುರಿ ಸೊಸೆ ಮಲೇರಿಯಾದಿಂದ ಆಗಷ್ಟೇ ಎದ್ದಿದ್ದಳು. ಇನ್ನೊಮ್ಮೆ ಬಂದರೆ ಮಗುವಿಗೆ ಅಪಾಯವೆಂದು ಡಾಕ್ಟರು ಹೇಳಿದ್ದರು. ನಮ್ಮ ಬಾವಿ ಎಂತ ಪಾಪ ಮಾಡಿದೆ ಎಂದು ಲೀಲಕ್ಕ ಕೇಳಿದರು. ಸದ್ಯಕ್ಕೆ ಸೊಳ್ಳೆಪರದೆ ತಪ್ಪಿಸಬೇಡಿ ಎಂದಷ್ಟೇ ಹೇಳಲು ಸಾಧ್ಯವಾಯಿತು.

ಸರಸ್ವತಿಯಮ್ಮನ ಬಾವಿಯಲ್ಲಿ ಮರಿಗಳು ಸತ್ತವು. ಕೆಲವು ವಾರ ಕಳೆದು ಹೊಸವು ಕಾಣಿಸಿದವು. ಪುನಃ ಪುಡಿ ಹಾಕಲು ಹೋದರೆ ಅವರು ತಡೆದರು.

"ಒಮ್ಮೆ ಹೆಪ್ಪು ಬಿದ್ದ ಮೇಲೆ ಇನ್ನು ಎಂತಕ್ಕೆ ಮಾರಾಯ್ರೆ? ನಾಳೆಯ ಮೊಸರಿಗೆ ಇವತ್ತಿನದ್ದೇ ಸಾಕಲ್ಲ. ಲೀಲಕ್ಕನ ಬಾವಿಗೂ ನಮ್ಮ ನೀರು ಒಂದು ಕೊಡಪಾನ ಹೊಯ್ದಿದ್ದೇನೆ."

ಹೋಲಿಕೆಯ ಬಾವಿ ಕೆಟ್ಟಿತೆಂದು ನಾನು ತಲೆ ಹಿಡಿದುಕೊಂಡೆ. ಆಚೆಯಿಂದ ಲೀಲಕ್ಕನ ಸ್ವರ ಬಂತು: "ಆ ನೀರು ನಂಬಿ ನಮ್ಮ ಸೊಸೆ ಪರದೆಯನ್ನೇ ಮಡಚಿ ಇಟ್ಟಿದ್ದಾಳೆ. ಒಳಗೆ ಸೆಕೆಯಂತೆ."

ಓಡಿಹೋಗಿ ಲೀಲಕ್ಕನ ಬಾವಿಗೆ ಬಕೆಟ್ ಇಳಿಸಿದೆ. ಮರಿಗಳು ಪಿತಪಿತ ಅನ್ನುತ್ತಿದ್ದವು. ಪುಡಿಯ ಬ್ಯಾಕ್ಟೀರಿಯಾ ಹೆಪ್ಪಿನಂತೆ ನೀರಿನಲ್ಲಿ ಬೆಳೆದು ಇನ್ನೊಂದು ಬಾವಿಗೂ ಹಬ್ಬೀತೇ ಎಂದು ನಮಗೂ ಕುತೂಹಲವಿತ್ತು. ಹಬ್ಬಲಿಲ್ಲ ಎಂಬುದು ಆ ಬಕೆಟಿನಲ್ಲೇ ಕಂಡಿತು. ನಮ್ಮ ಆಫೀಸರು ಬೈಯಲಿಲ್ಲ, ಎಷ್ಟು ನೀರು ಹೊಯ್ದರೆಂದು ವಿಚಾರಿಸಿದರು. ಸೊಸೆಯ ವಿಷಯ ತಿಳಿದು, ಹೋಲಿಕೆಗೆ ಬೇರೆ ಬಾವಿ ನೋಡೋಣ ಎಂದರು. ಅಂದೇ ಎರಡೂ ಬಾವಿಗೆ ಪುಡಿ ಬಿತ್ತು. ಪರದೆಯೂ ಮತ್ತೆ ಮಂಚಕ್ಕೇರಿತು.

"ಹಾಗಾದರೆ ಇದು ಹೆಪ್ಪಲ್ಲ, ಉಪ್ಪು," ಎಂದರು ಸರಸ್ವತಿಯಮ್ಮ. "ಪ್ರತಿ ಸಲ ಹಾಕಬೇಕು."

ಲೀಲಕ್ಕನ ಮೊಮ್ಮಗಳು ಸುಖವಾಗಿ ಹುಟ್ಟಿದಳು. ಅಲ್ಲಿಂದ ಮುಂದೆ ಯಾವ ಮನೆಯಲ್ಲೂ ವಿವರಿಸಿ ಮುಗಿದ ಕೂಡಲೇ ನಾನು ಎದ್ದು ಬರುತ್ತಿರಲಿಲ್ಲ. ಇನ್ನು ನೀವು ಎಂತ ಮಾಡ್ತೀರಿ ಎಂದು ಕೇಳಿ, ಉತ್ತರ ಬರುವವರೆಗೆ ಕೂರುತ್ತಿದ್ದೆ.