ಗೋಲ್ ಹಿಂದೆ ನಿಂತ ನಮ್ಮೂರ ಬೆಂಬಲ

ಆಡೋದು ನಮ್ಮೂರ ನೆಲದಲ್ಲಿ, ಕೂಗೋದು ನಮ್ಮೂರ ಜನ ಅಂದ್ಮೇಲೆ ಫುಟ್‌ಬಾಲ್ ಮ್ಯಾಚು ಅರ್ಧ ಗೆದ್ದಂಗೆ ಅಂತ ಹೊನ್ನವಳ್ಳೀಲಿ ನಾವೆಲ್ಲ ನಂಬಿದ್ವಿ. ತುಮಕೂರಿನ ಕಾಲೇಜು ಟೀಮು ಬಂದ ದಿನ ಮೈದಾನದ ಸುತ್ತ ಊರಿಗೂರೇ ನಿಂತಿತ್ತು. ನಮ್ಮ ಟೀಮಲ್ಲಿದ್ದೋರೆಲ್ಲ ನನ್ನ ಜೊತೆ ತೆಂಗಿನ ತೋಟದಲ್ಲಿ ದುಡಿಯೋ ಹುಡುಗ್ರು. ನನಗೆ ಆಟ ಬರಲ್ಲ, ಬಾಯಿ ಬರುತ್ತೆ. ಅದಕ್ಕೇ ಎದುರಾಳಿಗಳ ತಲೆ ಕೆಡಿಸೋ ಕೆಲಸ ನಂದು.

ಒಂದೊಂದು ಗೋಲಾಗಿ ಸಮ ನಿಂತಿತ್ತು. ಮ್ಯಾಚು ಮುಗಿಯೋ ಹೊತ್ತಿಗೆ ಅವರಿಗೆ ಪೆನಾಲ್ಟಿ ಸಿಕ್ತು, ಅವರ ಹುಡುಗನೊಬ್ಬ ಒದೆಯೋಕೆ ಬಂದು ನಿಂತ. ನಾನು ಗೋಲ್ ಹಿಂದಕ್ಕೆ ಓಡಿದೆ.

"ಏನಾದ್ರೂ ಮಾಡ್ಲಾ, ಅವನು ಬೆಚ್ಚಿಬೀಳ್ಬೇಕು" ಅಂದ ನಮ್ಮ ಗೋಲ್‌ಕೀಪರ್ ರಂಗ.

"ನೀನು ಬಾಲ್ ನೋಡ್ಲಾ, ಮಿಕ್ಕಿದ್ದು ನನಗೆ ಬುಡು" ಅಂದೆ.

ಆ ಹುಡುಗ ಓಡಿಬಂದು ಇನ್ನೇನು ಒದೀಬೇಕು, ನಾನು ಗಂಟಲು ಹರಿಯೋ ಹಂಗೆ "ಕಾಯ್ ಬಂತು ಕಣ್ರಲಾ" ಅಂತ ಕೂಗಿದೆ.

ತೋಟದಲ್ಲಿ ಮರದ ಮೇಲಿಂದ ಈ ಕೂಗು ಕೇಳಿದ್ರೆ ಸಾಕು, ಕೆಳಗಿರೋರು ತಲೆ ಮುಚ್ಕೊಂಡು ದೂರ ಹಾರ್ತೀವಿ. ರಂಗ ಹಾರಿದ. ಸುತ್ತ ನಿಂತಿದ್ದ ಊರೂ ತಲೆ ಮುಚ್ಕೊಂತು. ಪೇಟೆ ಹುಡುಗನಿಗೆ ಏನೂ ಅರ್ಥ ಆಗ್ದೆ, ಖಾಲಿ ಗೋಲಿಗೆ ಮೆಲ್ಲಗೆ ಬಾಲ್ ತಳ್ಳಿದ.

ಮ್ಯಾಚು ಮುಗಿದ ಮೇಲೆ ಅವನೇ ಬಂದು ನನ್ನ ಕೈ ಕುಲುಕಿ ಕೇಳಿದ, "ತುಂಬಾ ಥ್ಯಾಂಕ್ಸ್ ಗುರು, ತುಮಕೂರಲ್ಲಿ ನಿಮ್ಮನೆ ಎಲ್ಲಿ?"

ಈಗ ಊರಲ್ಲಿ ಮ್ಯಾಚಿದ್ರೆ ಬೆಳಗ್ಗೇನೇ ರಂಗ ನನ್ನ ತುರುವೇಕೆರೆ ಬಸ್ ಹತ್ತಿಸ್ತಾನೆ. ಊರ ಜನರ ಬೆಂಬಲ ಬೇಕೇ ಬೇಕಂತೆ, ಒಬ್ಬ ಕಮ್ಮಿಯಾದ್ರೆ ಇನ್ನೂ ಒಳ್ಳೇದಂತೆ.